ಮ್ಯಾಪಿನ ಅಂಚಿನಾಚೆ ಇರೋದನ್ನ ಮೊಬೈಲ್ ಯಾಕೆ ಹೇಳಲ್ಲ?

ಗೆಳೆಯರೇ, ಈ ವಾರ ಬೀಜ, ಗೊಬ್ಬರ, ಔಷಧಿ ಯಾವುದರ ಬಗ್ಗೆಯೂ ಬರೀತಿಲ್ಲ. ನಿಮ್ಮ ಕೈಯಲ್ಲಿರೋ ಮೊಬೈಲಿನ ಮ್ಯಾಪ್ ಬಗ್ಗೆ ಬರೀತಿದ್ದೀನಿ. ಅದಕ್ಕೂ ಒಕ್ಕಲುತನಕ್ಕೂ ಏನು ಸಂಬಂಧ ಅನ್ನೋರು ಮೊದಲು ನನ್ನ ಹಸುವಿನ ಕಥೆ ಕೇಳಿ.

ನಮ್ಮೂರು ಎರಡು ಜಿಲ್ಲೆಗಳ ಗಡಿಯಲ್ಲಿದೆ. ಮಧ್ಯೆ ಒಂದು ಹೊಳೆ, ಹೊಳೆಗೆ ಒಂದು ಸೇತುವೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಹಸು ಹಗ್ಗ ಬಿಚ್ಚಿಕೊಂಡು ಎಳೇ ಹಸಿ ಮೇವಿಗೆ ಬಾಯಿ ಹಾಕಿತ್ತು. ಏಳೂವರೆ ಹೊತ್ತಿಗೆ ಎಡಗಡೆ ಹೊಟ್ಟೆ ನಗಾರಿ ಥರ ಉಬ್ಬಿತ್ತು, ಬಾಯಿಂದ ಜೊಲ್ಲು, ಉಸಿರಾಟ ಜೋರು. ಹೊಟ್ಟೆ ಉಬ್ಬರ ಅಂದ್ರೆ ಗೊತ್ತಲ್ಲ, ಗಂಟೆಗಳ ಲೆಕ್ಕದಲ್ಲಿ ಹಸು ಕೈ ಬಿಟ್ಟು ಹೋಗುತ್ತೆ. ನಮ್ಮೂರಿಗೆ ಬರೋ ಡಾಕ್ಟರ ಫೋನು ಸ್ವಿಚ್ ಆಫ್. ಮ್ಯಾಪ್ ತೆಗೆದೆ. ನಮ್ಮ ತಾಲ್ಲೂಕು ಊರಿನ ಕಡೆ ಬೆರಳಲ್ಲಿ ಎಳೆದು 'ಪಶು ಆಸ್ಪತ್ರೆ' ಅಂತ ಹುಡುಕಿದೆ. ಒಂದು ಕೆಂಪು ಗುರುತು ಬಂತು, 22 ಕಿಲೋಮೀಟರ್. ಬೈಕ್ ಹತ್ತಿ ಹೊರಟೆ. ಅಲ್ಲಿನ ಡಾಕ್ಟರು ಬೇರೆ ಹಳ್ಳಿಯ ಕೇಸಿಗೆ ಹೋಗಿದ್ದರು. ಕಾದು, ಕರಕೊಂಡು ಬರುವಷ್ಟರಲ್ಲಿ ಹತ್ತೂವರೆ. ಹಸು ಕಾಲು ಚಾಚಿ ಮಲಗಿಬಿಟ್ಟಿತ್ತು. ಡಾಕ್ಟರು ಕೊಟ್ಟಿಗೆಯ ಬಾಗಿಲಲ್ಲೇ ನಿಂತರು, ಏನೂ ಹೇಳಲಿಲ್ಲ.

ಮಾರನೇ ದಿನ ಸುಮ್ಮನೆ ಕೂತು ಅದೇ ಮ್ಯಾಪನ್ನ ಎರಡು ಬೆರಳಲ್ಲಿ ಚಿವುಟಿ ದೊಡ್ಡದಾಗಿ ನೋಡಿದೆ. ಹೊಳೆಯಾಚೆ, ಪಕ್ಕದ ಜಿಲ್ಲೆಯಲ್ಲಿ, ಸೇತುವೆ ದಾಟಿದರೆ 11 ಕಿಲೋಮೀಟರ್‌ಗೆ ಇನ್ನೊಂದು ಪಶು ಆಸ್ಪತ್ರೆ ಇತ್ತು. ಹಿಂದಿನ ರಾತ್ರಿ ನಾನು ನೋಡಿದ ಪರದೆಯ ಅಂಚಿನಿಂದ ಒಂದು ಬೆರಳಿನಷ್ಟು ಆಚೆ.

ತಪ್ಪು ನನ್ನದೂ ಹೌದು. ನನ್ನ ತಲೆಯಲ್ಲಿ 'ನಮ್ಮ ತಾಲ್ಲೂಕು' ಅನ್ನೋದು ಗಟ್ಟಿಯಾಗಿ ಕೂತಿತ್ತು, ಮ್ಯಾಪನ್ನ ಆ ಕಡೆಗೇ ಎಳೆದೆ. 1962 ನಂಬರಿಗೆ ಫೋನ್ ಮಾಡಬಹುದಿತ್ತು, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಅದೇ ನಂಬರು, ಗಾಬರಿಯಲ್ಲಿ ಅದೂ ನೆನಪಾಗಲಿಲ್ಲ. (ನೀವು ಈಗಲೇ ಸೇವ್ ಮಾಡಿಕೊಳ್ಳಿ, ಆಮೇಲೆ ಮುಂದೆ ಓದಿ.) ಆದರೆ ಮ್ಯಾಪಿನದ್ದೂ ಒಂದು ತಪ್ಪಿದೆ, ಇವತ್ತು ಅದನ್ನೇ ಹೇಳಬೇಕು ಅಂತಿದ್ದೀನಿ. ಪರದೆಯ ಹೊರಗಿರೋ ಜಾಗದ ಬಗ್ಗೆ ಅದು ಒಂದು ಮಾತೂ ಆಡೋದಿಲ್ಲ. ನಾವು ಎಳೆದ ಕಡೆ ಇರೋದನ್ನಷ್ಟೇ ತೋರಿಸಿ, ಜಗತ್ತಿನಲ್ಲಿ ಇಷ್ಟೇ ಇರೋದು ಅನ್ನೋ ಹಾಗೆ ಸುಮ್ಮನಾಗುತ್ತೆ.

ಇದು ಹೇಗಾಗುತ್ತೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಮೊಬೈಲ್ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್. ಸರ್ವೇ ಆಫ್ ಇಂಡಿಯಾದವರ ಟೋಪೋ ಶೀಟ್ ನೀವು ನೋಡಿರಬಹುದು. ಅದರಲ್ಲಿ 1 ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 500 ಮೀಟರ್. ಹಳ್ಳ, ಕೆರೆ, ಕಾಲುದಾರಿ ಎಲ್ಲ ಚೆನ್ನಾಗಿ ಕಾಣೋ ಅಳತೆ ಅದು. ನಿಮ್ಮ ಮೊಬೈಲಲ್ಲಿ ಅದೇ ಅಳತೆಗೆ ಜೂಮ್ ಮಾಡಿದರೆ ಅಡ್ಡಕ್ಕೆ ಕಾಣೋದು ಬರೀ ಮೂರೂವರೆ ಕಿಲೋಮೀಟರ್. ಕಾಗದದ ಶೀಟಿನಲ್ಲಿ ಒಂದು ಬದಿಗೆ ಸುಮಾರು 27 ಕಿಲೋಮೀಟರ್ ಒಟ್ಟಿಗೆ ಕಾಣುತ್ತೆ. ಅಂದ್ರೆ ದೊಡ್ಡ ನಕ್ಷೆಯ ಮೇಲೆ ರಟ್ಟು ಮುಚ್ಚಿ, ರಟ್ಟಿಗೆ ಅಂಗೈಯಗಲ ತೂತು ಕೊರೆದು, ಆ ತೂತಿನಲ್ಲಿ ಇಣುಕಿ ನೋಡಿದ ಹಾಗೆ ನಮ್ಮ ಮ್ಯಾಪ್ ನೋಡಾಟ.

ಜೂಮ್ ಔಟ್ ಮಾಡಿದ್ರಾಯ್ತಲ್ಲ ಅಂತೀರಿ. ಮಾಡಿ ನೋಡಿ. 35 ಕಿಲೋಮೀಟರ್ ಅಗಲ ಪರದೆಯಲ್ಲಿ ಹಿಡಿಸಬೇಕು ಅಂದ್ರೆ 1 ಸೆಂಟಿಮೀಟರ್‌ಗೆ 5 ಕಿಲೋಮೀಟರ್ ಆಗುತ್ತೆ. ಎರಡು ಕಿಲೋಮೀಟರ್ ಹರಡಿರೋ ಊರು 4 ಮಿಲಿಮೀಟರ್ ಚುಕ್ಕೆ. ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ ಅಂತ ಮ್ಯಾಪೇ ಅರ್ಧ ಊರುಗಳನ್ನ ಅಳಿಸಿಬಿಡುತ್ತೆ, ನಿಮ್ಮೂರಿನ ಹೆಸರೂ ಹೋಗುತ್ತೆ. ಹತ್ತಿರ ಹೋದರೆ ದೂರದ್ದು ಕಾಣಲ್ಲ, ದೂರ ಸರಿದರೆ ಹತ್ತಿರದ್ದು ಕಾಣಲ್ಲ. ಎಳಿ, ಚಿವುಟು, ಮತ್ತೆ ಎಳಿ. ಬಿಸಿಲಲ್ಲಿ, ಬೆವರು ಕೈಯಲ್ಲಿ, ಸೀಳು ಬಿಟ್ಟ ಗಾಜಿನ ಮೇಲೆ.

ಇನ್ನೊಂದು ಸಣ್ಣ ವಿಷಯ ಬಹಳ ಜನ ಗಮನಿಸಿರಲ್ಲ. ಮ್ಯಾಪಲ್ಲಿ ಏನನ್ನಾದರೂ ಹುಡುಕಿ ಆಮೇಲೆ ಪರದೆ ಎಳೆದರೆ 'ಈ ಪ್ರದೇಶದಲ್ಲಿ ಹುಡುಕು' ಅಂತ ಒಂದು ಬಟನ್ ಬರುತ್ತೆ. ಅದನ್ನ ಒತ್ತಿದರೆ ಉತ್ತರ ಬರೋದು ಆ ಕ್ಷಣಕ್ಕೆ ಪರದೆಯಲ್ಲಿರೋ ಚೌಕದ ಲೆಕ್ಕದಲ್ಲಿ. ನೀವು ನಿಂತಿರೋ ಜಾಗದಿಂದ ಯಾವುದು ಹತ್ತಿರ ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ಲವೇ ಅಲ್ಲ. ನಾವು ಮಾತ್ರ ಹಾಗಂದುಕೊಂಡು ಬೈಕ್ ಹತ್ತುತ್ತೀವಿ.

ಇದೇನು ಬಗೆಹರಿಸೋಕೆ ಆಗದ ಸಮಸ್ಯೆಯಾ? ಖಂಡಿತ ಅಲ್ಲ. ನಿಮ್ಮಲ್ಲಿ ಬಿಜಿಎಂಐ ಆಡದವರು ಯಾರಿದ್ದೀರಿ ಹೇಳಿ. ಗುಂಡಿನ ಸದ್ದು ಯಾವ ಕಡೆಯಿಂದ ಬಂತು ಅಂತ ಮೂಲೆಯ ಮಿನಿ ಮ್ಯಾಪಲ್ಲಿ ಗುರುತು ಬೀಳುತ್ತೆ. ಟೀಮಿನವನು ಎಷ್ಟು ಮೀಟರ್ ದೂರ ಇದ್ದಾನೆ ಅಂತ ನಂಬರ್ ಸಮೇತ ಗೊತ್ತಾಗುತ್ತೆ. ಕಾಣದ ಶತ್ರು ಎಲ್ಲಿದ್ದಾನೆ ಅಂತ ಆಟದಲ್ಲಿ ಹೇಳೋಕೆ ಬರುತ್ತೆ. ಕಾಣದ ಪಶು ಆಸ್ಪತ್ರೆ ಎಲ್ಲಿದೆ ಅಂತ ಹೇಳೋಕೆ ನಮ್ಮ ಕೃಷಿ ಆ್ಯಪ್‌ಗಳಿಗೆ ಬರಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ವಿಜ್ಞಾನಿಗಳು ಇದಕ್ಕೆ ದಾರಿ ಹುಡುಕಿ ಇಪ್ಪತ್ತು ವರ್ಷದ ಮೇಲಾಯ್ತು. 2003ರಲ್ಲಿ ಪ್ಯಾಟ್ರಿಕ್ ಬೌಡಿಶ್ ಮತ್ತು ರೂತ್ ರೋಸೆನ್‌ಹೋಲ್ಟ್ಜ್ ಅನ್ನೋ ಇಬ್ಬರು 'ಹೇಲೋ' ಅನ್ನೋ ಉಪಾಯ ಪ್ರಕಟಿಸಿದರು. ಹೇಲೋ ಅಂದ್ರೆ ಪ್ರಭಾವಳಿ, ದೇವರ ಫೋಟೋದಲ್ಲಿ ತಲೆ ಹಿಂದೆ ಇರುತ್ತಲ್ಲ, ಆ ವರ್ತುಲ. ಆಗ ಗೂಗಲ್ ಮ್ಯಾಪ್ಸ್ ಇನ್ನೂ ಹುಟ್ಟಿರಲಿಲ್ಲ, ಅದು ಬಂದಿದ್ದು 2005ರಲ್ಲಿ. ಐಫೋನ್ ಬಂದಿದ್ದು 2007ರಲ್ಲಿ. ಉಪಾಯ ತುಂಬಾ ಸರಳ. ಪರದೆಯ ಹೊರಗಿರೋ ಪ್ರತಿ ಜಾಗದ ಸುತ್ತ ಒಂದು ವರ್ತುಲ ಬರೀಬೇಕು, ಅದರ ಅಂಚು ಮಾತ್ರ ನಮ್ಮ ಪರದೆಯೊಳಗೆ ಸ್ವಲ್ಪ ಇಣುಕೋ ಹಾಗೆ.

ನಿಮ್ಮ ಕೃಷಿ ಹೊಂಡ ನೆನಪು ಮಾಡಿಕೊಳ್ಳಿ. ಯಾರೋ ಹುಡುಗ ಕಲ್ಲು ಎಸೆದ. ಕಲ್ಲು ಬಿದ್ದಿದ್ದನ್ನ ನೀವು ನೋಡಲಿಲ್ಲ, ಅಲೆ ಮಾತ್ರ ನಿಮ್ಮ ಕಾಲ ಹತ್ತಿರ ಬಂತು. ಅಲೆಯ ಗೆರೆ ಬಳೆ ತುಂಡಿನ ಹಾಗೆ ತುಂಬಾ ಬಾಗಿದ್ದರೆ ಕಲ್ಲು ಇಲ್ಲೇ ಹತ್ತಿರ ಬಿದ್ದಿದೆ. ಗೆರೆ ಹೆಚ್ಚು ಕಡಿಮೆ ನೆಟ್ಟಗಿದ್ದರೆ ದೂರದಲ್ಲಿ ಬಿದ್ದಿದೆ. ಯಾರೂ ಹೇಳಿಕೊಡದೆ ನಮಗೆ ಇದು ಗೊತ್ತಾಗುತ್ತೆ. ಹೇಲೋ ಕೆಲಸ ಮಾಡೋದು ಹೀಗೇ. ಪರದೆಯ ಅಂಚಿನಲ್ಲಿ ಕಾಣೋ ಕಮಾನಿನ ಬಾಗು ನೋಡಿ, ಆಚೆಗಿರೋ ಜಾಗ ಯಾವ ದಿಕ್ಕು, ಎಷ್ಟು ದೂರ ಅಂತ ಕಣ್ಣೇ ಅಂದಾಜು ಮಾಡುತ್ತೆ. ದಾರಿ ಹುಡುಕೋ ನಾಲ್ಕು ಥರದ ಕೆಲಸ ಕೊಟ್ಟು, ಬಾಣದ ಗುರುತು ಇಟ್ಟ ಮ್ಯಾಪಿನ ಜೊತೆ ಹೋಲಿಸಿ ಅವರು ಪರೀಕ್ಷೆ ಮಾಡಿದಾಗ, ಹೇಲೋ ಬಳಸಿದವರು ಶೇಕಡಾ 16ರಿಂದ 33ರಷ್ಟು ಬೇಗ ಮುಗಿಸಿದರು.

ಅದರಲ್ಲೂ ಒಂದು ತೊಡಕು ಇತ್ತು. ಒಂದೇ ದಿಕ್ಕಿನಲ್ಲಿ ಹತ್ತು ಜಾಗ ಇದ್ದರೆ ಹತ್ತು ಕಮಾನು ಒಂದರ ಮೇಲೊಂದು ಬಿದ್ದು ಗೋಜಲು. ಅದಕ್ಕೆ 2008ರಲ್ಲಿ ಅದೇ ಬೌಡಿಶ್ ಮತ್ತು ಇನ್ನೂ ಮೂವರು ಸೇರಿ 'ವೆಜ್' ಅಂತ ಮಾಡಿದರು. ಇದರಲ್ಲಿ ವರ್ತುಲ ಇಲ್ಲ, ಉದ್ದನೆ ತ್ರಿಕೋನ. ಅದರ ಚೂಪು ತುದಿ ಪರದೆಯ ಹೊರಗೆ ನಿಜವಾದ ಜಾಗದ ಮೇಲೆ, ಅಗಲದ ಬದಿ ಪರದೆಯೊಳಗೆ. ಎತ್ತಿನ ಗಾಡಿಯ ಎರಡು ಮರ ಮುಂದೆ ಹೋಗ್ತಾ ಹೋಗ್ತಾ ನೊಗದ ಹತ್ತಿರ ಸೇರುತ್ತಲ್ಲ, ಹಾಗೆ. ಗಾಡಿಯ ಮುಂಭಾಗ ಗೋಡೆ ಮರೆಯಲ್ಲಿದ್ದರೂ ನೊಗ ಎಲ್ಲಿದೆ ಅಂತ ಹಿಂದಿನ ಮರ ನೋಡಿದರೆ ತಿಳಿಯುತ್ತೆ. ತ್ರಿಕೋನಗಳನ್ನ ಸ್ವಲ್ಪ ಅತ್ತಿತ್ತ ತಿರುಗಿಸಬಹುದು, ಹಾಗಾಗಿ ಒಂದರ ಮೇಲೊಂದು ಬೀಳಲ್ಲ. ಪರೀಕ್ಷೆಯಲ್ಲಿ ಹೇಲೋಗಿಂತ ವೆಜ್ ಬಳಸಿದವರ ಅಂದಾಜು ಹೆಚ್ಚು ಸರಿಯಾಗಿತ್ತು.

ಇಷ್ಟೆಲ್ಲ ಇದ್ದರೂ ಇವತ್ತು ನಾವು ದಿನಾ ಬಳಸೋ ಮ್ಯಾಪಲ್ಲಿ ಇದು ಯಾಕಿಲ್ಲ? ನನ್ನ ಅಂದಾಜು ಹೇಳ್ತೀನಿ. ಮ್ಯಾಪ್ ಮಾಡೋರು ಪೇಟೆಯವರು. ಪೇಟೆಯಲ್ಲಿ ಒಂದು ಪರದೆಯೊಳಗೇ ಹತ್ತು ಹೋಟೆಲ್, ಆರು ಮೆಡಿಕಲ್ ಶಾಪ್ ಕಾಣುತ್ತೆ. ಅವರಿಗೆ ಕಷ್ಟ ಅಂದ್ರೆ ಹತ್ತರಲ್ಲಿ ಯಾವುದು ಒಳ್ಳೇದು ಅನ್ನೋದು. ಅದಕ್ಕೇ ಸ್ಟಾರ್ ರೇಟಿಂಗ್, ಫೋಟೋ, ವಿಮರ್ಶೆ. ನಮಗೆ ಕಷ್ಟ ಅಂದ್ರೆ ಪರದೆಯೊಳಗೆ ಒಂದೂ ಇಲ್ಲದಿರೋದು. ಬೇಕಾದ್ದೆಲ್ಲ ಅಂಚಿನಾಚೆಗೇ ಇರೋ ಜನ ನಾವು. ಪಶು ಆಸ್ಪತ್ರೆ, ಎಪಿಎಂಸಿ, ಕೋಲ್ಡ್ ಸ್ಟೋರೇಜ್, ಮಣ್ಣು ಪರೀಕ್ಷೆ ಕೇಂದ್ರ, ಪಂಪ್ ರಿವೈಂಡಿಂಗ್ ಮಾಡೋನು, ಬಾಡಿಗೆಗೆ ಯಂತ್ರ ಕೊಡೋ ಕೇಂದ್ರ, ಯಾವುದು ನಮ್ಮ ಮೂರೂವರೆ ಕಿಲೋಮೀಟರ್ ಒಳಗಿದೆ?

ಪೇಟೆಯವರನ್ನ ಬಿಡಿ, ರೈತರಿಗೇ ಅಂತ ಮಾಡಿದ ಆ್ಯಪ್‌ಗಳ ಕಥೆ ಇನ್ನೂ ಸೊಗಸು. ತೆಗೆದ ಕೂಡಲೇ ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ, ಹೋಬಳಿ ಆರಿಸಿ. ಆರಿಸಿದ ಮೇಲೆ ಆ ಗೆರೆಯೊಳಗಿನದ್ದು ಮಾತ್ರ. ಇದೂ ಒಂಥರಾ ಪರದೆಯ ಅಂಚೇ, ಗಾಜಿನ ಅಂಚಿಗಿಂತ ಗಟ್ಟಿ. ಗಾಜಿನ ಅಂಚನ್ನಾದರೂ ಬೆರಳಲ್ಲಿ ಸರಿಸಬಹುದು.

ತುಂಗಭದ್ರೆಯ ಈ ದಡದಲ್ಲಿ ರಾಣೆಬೆನ್ನೂರು ತಾಲ್ಲೂಕು, ಆ ದಡದಲ್ಲಿ ಹರಿಹರ. ಒಂದು ಹಾವೇರಿ ಜಿಲ್ಲೆ, ಇನ್ನೊಂದು ದಾವಣಗೆರೆ. ಎರಡೂ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಈ ಗಡಿ ಆಡಳಿತಕ್ಕೆ ಮಾಡಿಕೊಂಡ ಗೆರೆ. ಮೆಕ್ಕೆಜೋಳಕ್ಕೆ ಆ ಗೆರೆ ಗೊತ್ತಿಲ್ಲ. ಹೊಳೆ ದಂಡೆಯ ರೈತ ಎರಡೂ ಕಡೆಯ ಮಾರುಕಟ್ಟೆ ನೋಡಿ ಮಾಲು ಒಯ್ಯಬೇಕಾದವನು. ನಮ್ಮ ಮಾಲು ನಮ್ಮ ತಾಲ್ಲೂಕಿನ ಮಾರುಕಟ್ಟೆಗೇ ಹೋಗಬೇಕು ಅಂತ ಕಟ್ಟಳೆ ಏನಿಲ್ಲ. ಆದರೆ ಆ್ಯಪಲ್ಲಿ ಹಾವೇರಿ ಅಂತ ಆರಿಸಿದವನಿಗೆ ದಾವಣಗೆರೆ ಕಾಣದೆ ಹೋದರೆ, ಅವನಿಗೆ ಅದು ಇಲ್ಲದ ಮಾರುಕಟ್ಟೆಯೇ.

ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಹತ್ತಿರ 40 ಕ್ವಿಂಟಲ್ ಮಾಲಿದೆ. ಅಂಚಿನಾಚೆಯ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 100 ರೂಪಾಯಿ ಹೆಚ್ಚಿದೆ ಅಂತಿಟ್ಟುಕೊಳ್ಳಿ, ಅಲ್ಲಿಗೆ 4,000 ಆಯ್ತು. ಹೆಚ್ಚಿನ ದೂರಕ್ಕೆ ಗಾಡಿ ಬಾಡಿಗೆ 1,500 ಕಳೆದರೂ 2,500 ಉಳೀತು. ಇದೇ ಲೆಕ್ಕ ಕೆಲವೊಮ್ಮೆ ಉಲ್ಟಾನೂ ಆಗುತ್ತೆ. ಹೆಚ್ಚಳ ಬರೀ 30 ರೂಪಾಯಿ ಇದ್ದರೆ 1,200 ಸಿಗುತ್ತೆ, ಬಾಡಿಗೆಗೇ ಸಾಲಲ್ಲ, ಮನೆ ಹತ್ತಿರದ್ದೇ ವಾಸಿ. ಎರಡರಲ್ಲಿ ಯಾವುದಾದರೂ ಸರಿ, ಲೆಕ್ಕ ಹಾಕೋಕೆ ಮೊದಲು ಆ ಇನ್ನೊಂದು ಜಾಗ ಇದೆ ಅಂತ ಕಣ್ಣಿಗೆ ಬೀಳಬೇಕಲ್ಲ. ದಲ್ಲಾಳಿ ಬಂದು "ಸುತ್ತಮುತ್ತ ಎಲ್ಲೂ ಇದಕ್ಕಿಂತ ರೇಟ್ ಇಲ್ಲ" ಅಂದಾಗ ಆ 'ಸುತ್ತಮುತ್ತ' ಎಷ್ಟು ದೂರದ್ದು ಅಂತ ಕೇಳೋಕೆ ನಮ್ಮ ಹತ್ತಿರ ಏನಾದರೂ ಇರಬೇಕು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಲ್ಲಕ್ಕೂ ಗಡಿ ತಪ್ಪಲ್ಲ. ಸಬ್ಸಿಡಿ ಬೀಜಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೇ ಹೋಗಬೇಕು, ಪಕ್ಕದ ಜಿಲ್ಲೆಯದ್ದು ತೋರಿಸಿದರೆ ಪೆಟ್ರೋಲ್ ದಂಡ. ಜೀವ ಉಳಿಸೋ ವಿಷಯಕ್ಕೆ, ಮಾಲು ಮಾರೋ ವಿಷಯಕ್ಕೆ, ರೋಗ ಹುಳದ ವಿಷಯಕ್ಕೆ ಗಡಿ ಹಾಕಬೇಡಿ ಅಂತ ನಾನು ಹೇಳ್ತಿರೋದು.

ಹುಳದ ವಿಷಯ ಬಂತು. ಮೆಕ್ಕೆಜೋಳದ ಫಾಲ್ ಸೈನಿಕ ಹುಳ ದೇಶದಲ್ಲೇ ಮೊದಲು ಕಂಡಿದ್ದು ನಮ್ಮ ರಾಜ್ಯದಲ್ಲಿ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕಡೆ. ಇದರ ಪತಂಗ ಗಾಳಿ ಅನುಕೂಲ ಇದ್ದರೆ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್‌ವರೆಗೂ ಹಾರಬಲ್ಲದು. ಅಂದ್ರೆ ಇವತ್ತು ಮೂರು ತಾಲ್ಲೂಕು ಆಚೆ ಇರೋದು ನಾಳೆ ನಿಮ್ಮ ಸುಳಿಯಲ್ಲಿ ಇರಬಹುದು. ಕೀಟದ ಮ್ಯಾಪ್ ಅಂತ ಮಾಡಿ ನನ್ನ ಹೊಲದ ಸುತ್ತ ಎರಡು ಕಿಲೋಮೀಟರ್ ತೋರಿಸಿದರೆ ಏನು ಬಂತು? ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ಕಂಡಿದೆ ಅಂತ ಅಂಚಿನಲ್ಲಿ ಒಂದು ಗುರುತು ಬಿದ್ದರೆ ಸಾಕು, ನಾನು ಬೆಳಿಗ್ಗೆ ಎದ್ದು ಸುಳಿ ಬಿಚ್ಚಿ ನೋಡ್ತೀನಿ.

ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಪುಣೆಯ ಐಐಟಿಎಂ ಸಂಸ್ಥೆಯ 'ದಾಮಿನಿ' ಆ್ಯಪ್ ಬಳಸಿದ್ದೀರಾ? ಸಿಡಿಲಿನದ್ದು. ನೀವು ಎಲ್ಲಿದ್ದೀರಿ ಅಂತ ಹಿಡಿದು ಸುತ್ತ 20 ಮತ್ತು 40 ಕಿಲೋಮೀಟರ್ ಲೆಕ್ಕದಲ್ಲಿ ಸಿಡಿಲು ಬೀಳುತ್ತಿದೆಯಾ ಅಂತ ಎಚ್ಚರಿಕೆ ಕೊಡುತ್ತೆ. ಜಿಲ್ಲೆ ಯಾವುದು, ತಾಲ್ಲೂಕು ಯಾವುದು ಅಂತ ಸಿಡಿಲನ್ನ ಕೇಳೋಕಾಗಲ್ಲ ಅಂತ ಅವರಿಗೆ ಗೊತ್ತು. ರೈತನನ್ನ ನಡುವೆ ಇಟ್ಟು ಸುತ್ತ ನೋಡಿದ್ದಾರೆ. ಉಳಿದ ಆ್ಯಪ್ ಮಾಡೋರು ಇಷ್ಟನ್ನು ಕಲಿತರೆ ಅರ್ಧ ಕೆಲಸ ಮುಗೀತು.

ನಮ್ಮ ಹಿರಿಯರಿಗೂ ಅಂಚಿನ ಬೆಲೆ ಗೊತ್ತಿತ್ತು. ನಿಮ್ಮ ಮನೆ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸರ್ಕಾರಿ ದಾರಿ, ದಕ್ಷಿಣಕ್ಕೆ ಇಂಥವರ ತೋಟ. ನಮ್ಮ ಹೊಲ ಯಾವುದು ಅಂತ ಗೊತ್ತಾಗೋದು ಅದರ ಆಚೆಗೆ ಏನಿದೆ ಅನ್ನೋದರಿಂದ. ಹಳೇ ಗ್ರಾಮ ನಕಾಶೆಯಲ್ಲೂ ಅಷ್ಟೇ, ಊರಿನ ಎಲ್ಲೆ ಮುಗಿದ ಕಡೆ ಪಕ್ಕದ ಊರಿನ ಹೆಸರು ಬರೆದಿರುತ್ತಾರೆ. ಟೋಪೋ ಶೀಟಲ್ಲಿ ರಸ್ತೆ ಹಾಳೆಯ ಅಂಚಿಗೆ ಬಂದು ತುಂಡಾದ ಜಾಗದಲ್ಲಿ, ಈ ರಸ್ತೆ ಮುಂದೆ ಯಾವ ಊರಿಗೆ, ಎಷ್ಟು ಕಿಲೋಮೀಟರ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತೆ. ಕಾಗದದ ಕಾಲದಲ್ಲಿ ಇದ್ದ ಬುದ್ಧಿ ಗಾಜಿನ ಕಾಲಕ್ಕೆ ಬರುವಾಗ ದಾರಿಯಲ್ಲಿ ಬಿದ್ದು ಹೋಯ್ತು.

ಈಗ ನನ್ನ ಅಭಿಪ್ರಾಯ. ಹೇಲೋ, ವೆಜ್ ಎರಡೂ ಜಾಣ ಉಪಾಯವೇ. ಆದರೆ ನಮ್ಮ ಕಡೆ ಅವನ್ನ ಹಾಗೆಹಾಗೇ ತಂದು ಹಾಕಿದರೆ ಸಾಲದು. ಕಮಾನು, ತ್ರಿಕೋನ ಎರಡೂ ತೋರಿಸೋದು ಹದ್ದು ಹಾರೋ ದೂರ, ನೆಟ್ಟಗಿನ ಗೆರೆ. ನಮ್ಮ ಟ್ರ್ಯಾಕ್ಟರ್ ಹಾರಲ್ಲ. ಶರಾವತಿ ಹಿನ್ನೀರಿನ ಕಡೆಯವರನ್ನ ಕೇಳಿ. ಅಂಬಾರಗೋಡ್ಲು, ಕಳಸವಳ್ಳಿ ಎದುರುಬದುರು ದಡ, ಕಣ್ಣಿಗೆ ಕಾಣೋ ದೂರ. ಆದರೆ ಲಾಂಚ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಇಲ್ಲವೇ ರಸ್ತೆಯಲ್ಲಿ ದೊಡ್ಡ ಸುತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಗೋವರೆಗೂ ಅವರ ಬದುಕು ಹಾಗೇ ಇತ್ತು. ಅಂಥ ಕಡೆ ಪರದೆಯ ಅಂಚಿನಲ್ಲಿ 'ಹತ್ತಿರ ಇದೆ' ಅಂತ ಪುಟ್ಟ ಕಮಾನು ತೋರಿಸಿದರೆ ಅದು ಸುಳ್ಳು ಹೇಳಿದ ಹಾಗೆ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ-ಯಡೂರ ಕಡೆ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದರೆ ಸೇತುವೆಯೇ ಮುಳುಗುತ್ತೆ. ನಿನ್ನೆ ಹತ್ತಿರ ಇದ್ದ ಊರು ಇವತ್ತು ದೂರ.

ಅದಕ್ಕೇ ನಾನು ಕೇಳೋದು ಕಮಾನಲ್ಲ. ಅಂಚಿನಲ್ಲಿ ಒಂದು ಸಣ್ಣ ಗುರುತು, ಅದರ ಪಕ್ಕ ರಸ್ತೆ ಲೆಕ್ಕದ ಕಿಲೋಮೀಟರ್. ಹಸುವಿನ ಚಿತ್ರ, 11. ತಕ್ಕಡಿ ಚಿತ್ರ, 34. ಮುಟ್ಟಿದರೆ ಆ ಜಾಗಕ್ಕೆ ಮ್ಯಾಪ್ ಜಾರಬೇಕು, ಫೋನ್ ನಂಬರ್ ಬರಬೇಕು. ಪರೀಕ್ಷೆಯಲ್ಲಿ ಬಾಣ ಸೋತಿತ್ತಲ್ಲ ಅಂತ ನೀವು ಕೇಳಬಹುದು. ಆ ಪರೀಕ್ಷೆಯಲ್ಲಿ ಹೊಳೆ ಅಡ್ಡ ಇರಲಿಲ್ಲ, ಕೊಟ್ಟಿಗೆಯಲ್ಲಿ ಹಸುವೂ ಇರಲಿಲ್ಲ. ನನಗೆ ಬೇಕಿರೋದು ಎಷ್ಟು ಹೊತ್ತಿಗೆ ತಲುಪ್ತೀನಿ ಅನ್ನೋದು, ಅದು ಬರೀ ಬಾಗು ನೋಡಿ ಗೊತ್ತಾಗಲ್ಲ. ಗುರುತುಗಳು ನಾಲ್ಕೈದಕ್ಕಿಂತ ಹೆಚ್ಚಿರಬಾರದು, ಯಾವ ನಾಲ್ಕೈದು ಅಂತ ರೈತನೇ ಆರಿಸಬೇಕು. ಆ ಜಾಗವನ್ನ ಜಾಹೀರಾತಿಗೆ ಬಿಟ್ಟುಕೊಟ್ಟರೆ ಮಾತ್ರ ಕೆಟ್ಟಿತು. ಅಂಚಿನ ತುಂಬ ಟೈರ್ ಅಂಗಡಿ, ಕೀಟನಾಶಕದ ಅಂಗಡಿಯೇ ತುಂಬಿಕೊಳ್ಳುತ್ತೆ. ಮೂಲೆಯಲ್ಲಿ ಇನ್ನೊಂದು ಪುಟ್ಟ ನಕ್ಷೆ ಇಡಬಹುದು ಅಂತಲೂ ಕೆಲವರು ಹೇಳ್ತಾರೆ. ಕಂಪ್ಯೂಟರಿಗೆ ಸರಿ, ಅಂಗೈಯಗಲದ ಪರದೆಗೆ ಅದು ಜಾಗ ನುಂಗೋ ಕೆಲಸ.

ಕೋಡಿಂಗ್ ಕಲಿತು ಊರಿಗೆ ಮರಳಿದ ಹುಡುಗ ಹುಡುಗಿಯರು ನಿಮ್ಮಲ್ಲೇ ಇದ್ದೀರಿ. ರೈತ ಉತ್ಪಾದಕ ಕಂಪನಿಗಳಿಗೆ ಆ್ಯಪ್ ಮಾಡಿಕೊಡ್ತಿರೋರೂ ಇದ್ದೀರಿ. ಇದು ರಾಕೆಟ್ ವಿದ್ಯೆ ಅಲ್ಲ. ಪರದೆಯ ಚೌಕ ಎಲ್ಲಿದೆ ಅಂತ ಮೊಬೈಲಿಗೆ ಗೊತ್ತು, ಜಾಗ ಎಲ್ಲಿದೆ ಅಂತ ಗೊತ್ತು, ಎರಡರ ನಡುವೆ ಗೆರೆ ಎಳೆದರೆ ಅಂಚನ್ನ ಎಲ್ಲಿ ಮುಟ್ಟುತ್ತೋ ಅಲ್ಲಿ ಗುರುತು ಹಾಕೋದು. ಯಾವ ಸೇತುವೆ ಮುಳುಗುತ್ತೆ, ಯಾವ ದಾರಿಯಲ್ಲಿ ಲೋಡಾದ ಗಾಡಿ ಹೋಗಲ್ಲ, ಇದು ನಿಮಗೆ ಗೊತ್ತಿರೋ ಹಾಗೆ ಪೇಟೆಯಲ್ಲಿ ಕೂತವರಿಗೆ ಗೊತ್ತಿರಲ್ಲ. ಉಳಿದವರು ಆ್ಯಪ್ ಸ್ಟೋರಲ್ಲಿ ಅಭಿಪ್ರಾಯ ಬರೆಯೋವಾಗ 'ಚೆನ್ನಾಗಿದೆ', 'ವೇಸ್ಟ್' ಅಂತ ಬರೆದು ಬಿಡಬೇಡಿ. ಪಕ್ಕದ ಜಿಲ್ಲೆಯ ಮಾರುಕಟ್ಟೆ ಕಾಣಲ್ಲ, ನಮ್ಮೂರಿಗೆ ಅದೇ ಹತ್ತಿರ, ಅಂತ ಬರೀರಿ.

ಅವರು ಮಾಡೋವರೆಗೆ ಕೈ ಕಟ್ಟಿ ಕೂರೋದು ಬೇಡ. ಏನನ್ನಾದರೂ ಹುಡುಕೋಕೆ ಮೊದಲು ಪರದೆ ಎಳೀಬೇಡಿ. ನೀಲಿ ಚುಕ್ಕೆಗೆ, ಅಂದ್ರೆ ನೀವಿರೋ ಜಾಗಕ್ಕೆ ಮ್ಯಾಪ್ ತಂದು, ನಿಮ್ಮ ತಾಲ್ಲೂಕು ಊರು ಮತ್ತು ಅದರ ವಿರುದ್ಧ ದಿಕ್ಕಿನ ಇನ್ನೊಂದು ಪಟ್ಟಣ ಎರಡೂ ಕಾಣೋವರೆಗೆ ಚಿವುಟಿ, ಆಮೇಲೆ ಹುಡುಕಿ. ಸಿಕ್ಕಿದ್ದರ ಮೇಲೆ ಬರೀ ನೋಡಿ ಅಂದಾಜು ಮಾಡದೆ ದಾರಿ ತೋರಿಸು ಅಂತ ಒತ್ತಿ ರಸ್ತೆ ದೂರ ನೋಡಿ. ಫೋನ್ ನಂಬರ್ ಇದ್ದರೆ ಹೊರಡೋಕೆ ಮೊದಲು ಮಾತಾಡಿ. ನಾನು ಆವತ್ತು ಇದನ್ನೂ ಮಾಡಲಿಲ್ಲ.

ಇನ್ನೊಂದು ಕೆಲಸ ಬಿಡುವಿನ ದಿನ ಮಾಡಬೇಕಾದ್ದು. ನಿಮಗೆ ತುರ್ತಿಗೆ ಬೇಕಾದ ಜಾಗಗಳನ್ನ ಮ್ಯಾಪಲ್ಲಿ ಸೇವ್ ಮಾಡಿ, ನಿಮಗೆ ಅರ್ಥ ಆಗೋ ಹೆಸರಿಟ್ಟು ಕನ್ನಡದಲ್ಲೇ ಒಂದು ಪಟ್ಟಿ ಮಾಡಿಕೊಳ್ಳಿ. ಎರಡು ಪಶು ಆಸ್ಪತ್ರೆ, ಮೂರು ಮಾರುಕಟ್ಟೆ, ಹಾವು ಕಚ್ಚಿದರೆ ಔಷಧಿ ಇರೋ ಆಸ್ಪತ್ರೆ. ಈ ಕೊನೆಯದ್ದನ್ನ ಹೋಗಿ ಕೇಳಿಯೇ ಸೇವ್ ಮಾಡಿ, ಮ್ಯಾಪಲ್ಲಿ ಆಸ್ಪತ್ರೆ ಅಂತ ಇದ್ದ ಮಾತ್ರಕ್ಕೆ ಔಷಧಿ ಇರುತ್ತೆ ಅಂತಲ್ಲ. ಸೇವ್ ಮಾಡಿದ ಗುರುತುಗಳು ಎಷ್ಟು ಜೂಮ್ ಔಟ್ ಮಾಡಿದರೂ ಸಾಮಾನ್ಯವಾಗಿ ಉಳಿಯುತ್ತವೆ, ಬೇರೆ ಹೆಸರುಗಳ ಥರ ಮಾಯ ಆಗಲ್ಲ. ಗೂಗಲ್ ಮ್ಯಾಪ್ಸಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳೋ ಸೌಲಭ್ಯ ಇದೆ. ಇಳಿಸೋವಾಗ ನಿಮ್ಮ ತಾಲ್ಲೂಕಿನಷ್ಟಕ್ಕೇ ಚೌಕ ಹಾಕಬೇಡಿ, ಪಕ್ಕದ ಜಿಲ್ಲೆಯ ಪಟ್ಟಣ ಒಳಗೆ ಬರೋ ಹಾಗೆ ಎಳೀರಿ. ಮಳೆ ರಾತ್ರಿ ಟವರ್ ಹೋದಾಗ ಇದರ ಬೆಲೆ ಗೊತ್ತಾಗುತ್ತೆ.

ನಾನು ಇಷ್ಟು ಮಾಡಿ ಮುಗಿಸಿದ ದಿನ ಅಪ್ಪನಿಗೆ ತೋರಿಸಿದೆ. ಅವರಿಗೆ ಮೊಬೈಲ್ ಅಷ್ಟಕ್ಕಷ್ಟೇ. ಕನ್ನಡಕ ಹಾಕಿಕೊಂಡು ನೋಡಿ, ಕೊಟ್ಟಿಗೆಗೆ ಹೋಗಿ ಬಾಗಿಲ ಒಳಗಡೆ ಸುಣ್ಣದಲ್ಲಿ ನಾಲ್ಕು ಸಾಲು ಬರೆಸಿದರು. ಪೂರ್ವಕ್ಕೆ ಹೊಳೆ ದಾಟಿ ಪಶು ಆಸ್ಪತ್ರೆ, 11. ಪಶ್ಚಿಮಕ್ಕೆ ತಾಲ್ಲೂಕು ಆಸ್ಪತ್ರೆ, 22. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 1962. ಎಲ್ಲಕ್ಕಿಂತ ಕೆಳಗೆ, ಹೊಳೆ ಬಂದರೆ ಪೂರ್ವದ ದಾರಿ ಇಲ್ಲ.